ಓದುಗರ ಪ್ರಶ್ನೆ: ಊರು ಕೆಲವು ಶಿಕ್ಷಕರನ್ನು ಮಾತ್ರ ಏಕೆ ಬಿಟ್ಟುಕೊಡುವುದಿಲ್ಲ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಹಶಿಕ್ಷಕಿ. ನಮ್ಮ ಗಣಿತ ಶಿಕ್ಷಕರಿಗೆ ವರ್ಗಾವಣೆಯಾದಾಗ ಮಕ್ಕಳು ಅತ್ತರು; ಅವರನ್ನು ಇಲ್ಲಿಯೇ ಉಳಿಸಬೇಕೆಂದು ಪೋಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮನವಿ ಕೊಟ್ಟರು. ಅವರಷ್ಟೇ ಓದಿಕೊಂಡ, ಅವರಷ್ಟೇ ದುಡಿಯುತ್ತಿದ್ದ ಇನ್ನೊಬ್ಬರು ಹೋದಾಗ ಯಾರೂ ಏನೂ ಕೇಳಲಿಲ್ಲ. ಜನಪ್ರಿಯತೆ ಹುಟ್ಟುಗುಣವೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಒಳ್ಳೆಯ ಕಂಠ, ಹಾಸ್ಯಪ್ರಜ್ಞೆ, ಮಾತಿನ ಚಾತುರ್ಯ ಇವು ಹುಟ್ಟಿನಿಂದ ಬಂದಿರಬಹುದು. ಆದರೆ ಕೂಲಿ ಬಿಟ್ಟು ಬಿಇಒ ಕಚೇರಿಯ ತನಕ ಹೋಗುವಂತೆ ಪೋಷಕರನ್ನು ಎಬ್ಬಿಸುವುದು ಇವಲ್ಲ. ಮಕ್ಕಳು ಶಿಕ್ಷಕರನ್ನು ಮೆಚ್ಚುವ ಕಾರಣವೇ ಬೇರೆ, ಪೋಷಕರು ಮೆಚ್ಚುವ ಕಾರಣವೇ ಬೇರೆ. ಎರಡೂ ಒಬ್ಬರಲ್ಲಿಯೇ ಕೂಡಿದಾಗ ನೀವು ಕಂಡಂಥ ದೃಶ್ಯ ಕಾಣಸಿಗುತ್ತದೆ.

ಮಕ್ಕಳು ಮೊದಲು ನೋಡುವುದು ನ್ಯಾಯವನ್ನು. ಪ್ರಶ್ನೆ ಕೇಳುವಾಗ ಮೇಷ್ಟ್ರ ಕಣ್ಣು ಯಾವ ಬೆಂಚಿನ ಮೇಲೆ ನಿಲ್ಲುತ್ತದೆ, ಹೋಂವರ್ಕ್ ಮಾಡದ ತಪ್ಪಿಗೆ ಪಂಚಾಯಿತಿ ಸದಸ್ಯರ ಮಗನಿಗೂ ತೋಟದ ಕೂಲಿಯವರ ಮಗಳಿಗೂ ಒಂದೇ ಮಾತು ಬೀಳುತ್ತದೆಯೇ ಎಂಬುದನ್ನು ಅವರು ಜೂನ್ ಮುಗಿಯುವುದರೊಳಗೆ ಅಳೆದುಬಿಟ್ಟಿರುತ್ತಾರೆ. ಕಟ್ಟುನಿಟ್ಟಿನ ಶಿಕ್ಷಕರನ್ನು ಮಕ್ಕಳು ದ್ವೇಷಿಸುತ್ತಾರೆ ಎಂಬುದು ದೊಡ್ಡವರ ಕಲ್ಪನೆ. ನಿನ್ನೆ ನಕ್ಕು ಬಿಟ್ಟ ತಪ್ಪಿಗೆ ಇಂದು ಸಿಡುಕುವವರನ್ನು ಅವರು ದೂರವಿಡುತ್ತಾರೆಯೇ ಹೊರತು, ನಿಯಮ ಗೊತ್ತಿದ್ದು ಅದು ಎಲ್ಲರಿಗೂ ಒಂದೇ ಆಗಿರುವ ತರಗತಿಯಲ್ಲಿ ನೆಮ್ಮದಿಯಿಂದಲೇ ಇರುತ್ತಾರೆ. ಹೊಡೆತ ಮತ್ತು ಮಾನಸಿಕ ಹಿಂಸೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆದ್ದರಿಂದ ಬೆತ್ತವಿಲ್ಲದೆ ಶಿಸ್ತು ಬಾರದು ಎನ್ನುವವರ ವಾದವನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ.

ಎರಡನೆಯದು, ತಪ್ಪು ಉತ್ತರಕ್ಕೆ ಸಿಗುವ ಮರ್ಯಾದೆ. ಅರ್ಧಕ್ಕೆ ಮೂರನೇ ಒಂದು ಭಾಗವನ್ನು ಕೂಡಿಸುವಾಗ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿ ಐದನೇ ಎರಡು ಎಂದು ಬರೆಯುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಒಬ್ಬರು ಅದರ ಮೇಲೆ ಕೆಂಪು ಗೆರೆ ಎಳೆದು ಪುಸ್ತಕ ಮುಂದಕ್ಕೆ ತಳ್ಳುತ್ತಾರೆ. ಇನ್ನೊಬ್ಬರು, ‘ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತಪ್ಪ, ನೋಡೋಣ’ ಎಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ತನ್ನ ತಪ್ಪಿಗೂ ಒಂದು ದಾರಿಯಿತ್ತು, ಅದನ್ನು ಮೇಷ್ಟ್ರು ಹುಡುಕಿದರು ಎಂದು ಗೊತ್ತಾದ ಮಗು ಮರುದಿನವೂ ಕೈ ಎತ್ತುತ್ತದೆ. ನೀವು ಹೇಳಿದ ಗಣಿತ ಶಿಕ್ಷಕರು ನೋಟ್‌ಬುಕ್‌ಗಳನ್ನು ಹೇಗೆ ತಿದ್ದುತ್ತಿದ್ದರು ಎಂದು ಹಳೆಯ ಪುಸ್ತಕಗಳನ್ನು ತೆರೆದು ನೋಡಿದರೆ, ನಿಮ್ಮ ಪ್ರಶ್ನೆಗೆ ನನಗಿಂತ ಒಳ್ಳೆಯ ಉತ್ತರ ಅಲ್ಲಿಯೇ ಸಿಕ್ಕೀತು.

ಪೋಷಕರ ವಿಷಯಕ್ಕೆ ಬಂದರೆ, ಅವರಿಗೆ ಪಾಠ ನೋಡುವ ಅವಕಾಶವಿಲ್ಲ. ಹಾಗಾಗಿ ತಮ್ಮ ಮಗು ಈ ಶಿಕ್ಷಕರಿಗೆ ಗೊತ್ತಿದೆಯೇ ಎಂಬುದರ ಮೇಲೆ ಅವರ ತೀರ್ಮಾನ ನಿಲ್ಲುತ್ತದೆ. ಪೋಷಕರ ಸಭೆ ನಡೆಸಿ ಹಾಜರಾತಿ, ಕಲಿಕೆ, ಪ್ರಗತಿಗಳನ್ನು ತಿಳಿಸುವುದು ಅದೇ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಆದರೆ ಬಹುತೇಕ ಸಭೆಗಳಲ್ಲಿ ಕೇಳಿಬರುವುದು ‘ಇನ್ನೂ ಚೆನ್ನಾಗಿ ಓದಬೇಕು’ ಎಂಬ ಒಂದೇ ಮಾತು, ಮತ್ತು ಅದನ್ನು ಯಾವ ಮಗುವಿನ ಬಗ್ಗೆಯಾದರೂ ಹೇಳಬಹುದು. ‘ಗುಣಾಕಾರ ಸರಾಗವಾಗಿದೆ, ಭಾಗಲಬ್ಧದಲ್ಲಿ ಸೊನ್ನೆ ಬಂದಾಗ ಮಾತ್ರ ತಡವರಿಸುತ್ತಾಳೆ’ ಎಂಬ ಮಾತನ್ನು ಆ ಹುಡುಗಿಯ ಪುಸ್ತಕ ನೋಡಿದವರಷ್ಟೇ ಆಡಬಲ್ಲರು. ಹೆಬ್ಬೆಟ್ಟು ಒತ್ತುವ ತಾಯಿಗೂ ಕುರ್ಚಿ ಎಳೆದುಕೊಟ್ಟು ‘ಕೂತ್ಕೊಳ್ಳಿ ಅಮ್ಮ’ ಎಂದು ಈ ವಿವರವನ್ನು ಹೇಳಿದವರನ್ನು ಆ ಮನೆ ಮರೆಯುವುದಿಲ್ಲ.

ಇಂಥ ಅಭಿಮಾನ ನಮ್ಮ ನಾಡಿಗೆ ಹೊಸದೇನಲ್ಲ. 1918ರಿಂದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ತತ್ತ್ವಶಾಸ್ತ್ರದಂಥ ವಿಷಯಕ್ಕೆ!

ಪ್ರಶ್ನೆ: ನನ್ನ ಮಗನ ಖಾಸಗಿ ಶಾಲೆಯಲ್ಲಿ ಎಲ್ಲರೂ ಹೊಗಳುವ ಶಿಕ್ಷಕಿಯೊಬ್ಬರಿದ್ದಾರೆ. ಅವರು ಅಂಕ ಧಾರಾಳವಾಗಿ ಕೊಡುತ್ತಾರೆ, ಪರೀಕ್ಷೆಗೆ ಬರುವ ಪ್ರಶ್ನೆಗಳನ್ನಷ್ಟೇ ಓದಿಸುತ್ತಾರೆ. ಜನಪ್ರಿಯರೆಂದರೆ ಒಳ್ಳೆಯ ಶಿಕ್ಷಕರೆಂದೇ?
– ಪೋಷಕರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ನಿಮ್ಮ ಸಂಶಯಕ್ಕೆ ಆಧಾರವೂ ಇದೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಆಯ್ಕೆಗೆ ಅವಕಾಶವಿಲ್ಲದಂತೆ ಬೇರೆ ಬೇರೆ ಅಧ್ಯಾಪಕರಿಗೆ ಹಂಚಲಾಗುತ್ತದೆ, ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಲ್ಲಿನ ಫಲಿತಾಂಶಗಳನ್ನು ವಿಶ್ಲೇಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಯಾ ಕೋರ್ಸಿನ ಅಂಕ ಏರಿಸಿದ ಅಧ್ಯಾಪಕರಿಗೆ ವಿದ್ಯಾರ್ಥಿಗಳ ಮೆಚ್ಚುಗೆ ಹೆಚ್ಚು ಸಿಕ್ಕಿತ್ತು. ಆದರೆ ಅದೇ ವಿಷಯದ ಮುಂದಿನ ಕೋರ್ಸಿನಲ್ಲಿ ಅವರ ವಿದ್ಯಾರ್ಥಿಗಳು ಹಿಂದೆ ಬಿದ್ದಿದ್ದರು. ಅದು ಕಾಲೇಜು ಮಟ್ಟದ ಅಧ್ಯಯನ, ನಮ್ಮ ಶಾಲೆಗೆ ಹಾಗೆಯೇ ಅನ್ವಯಿಸಲಾಗದು. ಹಾಗಿದ್ದರೂ ಎಸ್ಸೆಸ್ಸೆಲ್ಸಿಯ ‘ಪಾಸಿಂಗ್ ಪ್ಯಾಕೇಜ್’ (ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರ) ನಂಬಿ ಉತ್ತೀರ್ಣರಾದವರು ಪಿಯುಸಿ ವಿಜ್ಞಾನದ ಮೊದಲ ತಿಂಗಳಲ್ಲೇ ಕಂಗಾಲಾಗುವುದನ್ನು ಕಂಡವರಿಗೆ ಈ ಮಾತು ಪರಿಚಿತವೇ. ಅಂಕಪಟ್ಟಿಯನ್ನು ಬದಿಗಿಟ್ಟು, ಓದಿದ್ದನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲು ಮಗನನ್ನು ಕೇಳಿ. ಅವನು ಹೇಳಬಲ್ಲನಾದರೆ ಆ ಶಿಕ್ಷಕಿಯ ಧಾರಾಳತನವನ್ನು ಮನ್ನಿಸಬಹುದು.

ಪ್ರಶ್ನೆ: ನನ್ನ ಪಾಠ ಇಷ್ಟವಾಯಿತೆಂದು ಕೆಲವು ಪೋಷಕರು ಸಂಜೆ ಮನೆಯಲ್ಲಿ ಟ್ಯೂಷನ್ ಹೇಳಿ ಎಂದು ಒತ್ತಾಯಿಸುತ್ತಿದ್ದಾರೆ. ಏಳನೇ ತರಗತಿಯ ಮಕ್ಕಳು. ಒಪ್ಪದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆಯೇ?
– ಹೊಸ ಶಿಕ್ಷಕ, ಶಿವಮೊಗ್ಗ

ಉತ್ತರ: ಒಪ್ಪಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರ ಖಾಸಗಿ ಬೋಧನೆಯನ್ನು ನಿಷೇಧಿಸಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಸಂಜೆ ಹಣ ಕೊಟ್ಟು ಬರುವ ಹತ್ತು ಮಕ್ಕಳು ಹಗಲಿನ ತರಗತಿಯಲ್ಲಿ ನಿಮ್ಮವರಾಗುತ್ತಾರೆ, ಉಳಿದವರು ಹೊರಗಿನವರಾಗುತ್ತಾರೆ. ನೀವು ಹಾಗೆ ಭಾವಿಸದಿದ್ದರೂ ಮಕ್ಕಳು ಭಾವಿಸುತ್ತಾರೆ. ಹಿಂದುಳಿದವರಿಗೆ ಹೆಚ್ಚುವರಿ ಪಾಠ ಬೇಕೆನಿಸಿದರೆ ಮುಖ್ಯ ಶಿಕ್ಷಕರ ಅನುಮತಿ ಪಡೆದು, ಶಾಲೆಯಲ್ಲೇ, ಬೇಕಾದ ಎಲ್ಲರಿಗೂ ಹಣ ಪಡೆಯದೆ ಮಾಡಿ. ಬೇಸರ ಮಾಡಿಕೊಳ್ಳುವ ಪೋಷಕರಿಗೆ ಇದನ್ನೇ ಹೇಳಿ, ಅವರ ಮಕ್ಕಳನ್ನೂ ಅಲ್ಲಿಗೇ ಕಳುಹಿಸಲು ತಿಳಿಸಿ.