ಗೀರು ಬಿದ್ದ ಹಳೆಯ ರ‍್ಯಾಮ್ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ?

ಗೀರು ಬಿದ್ದು ಮೂಲೆ ಸವೆದ 8 ಜಿಬಿ ಡಿಡಿಆರ್4 ರ‍್ಯಾಮ್ ಅರ್ಧ ಬೆಲೆಗೆ ಸಿಗುತ್ತಿದೆ, ಚೆನ್ನಾಗಿದೆಯೋ ಇಲ್ಲವೋ ನೋಡಿ ಹೇಳಬಹುದೇ ಎಂದು ಕೇಳಿದ್ದೀರಿ. ನೋಡಿ ಹೇಳಲಾಗದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ಕೊಂಡದ್ದೂ ಇಂಥದ್ದೇ. ಅಂಗಡಿಯವರು ತಮ್ಮ ಮದರ್‌ಬೋರ್ಡಿಗೆ ಸಿಕ್ಕಿಸಿ ಆನ್ ಮಾಡಿದರು, ಪರದೆಯಲ್ಲಿ 8 ಜಿಬಿ ಕಾಣಿಸಿತು. “ಪೂರ್ತಿ ತೋರಿಸುತ್ತಿದೆಯಲ್ಲ ಸಾರ್, ಇನ್ನೇನು ಬೇಕು?” ಎಂದರು. ನಾನು ಗೀರನ್ನು ಬೆರಳಿಟ್ಟು ತೋರಿಸಿ ಚೌಕಾಸಿಗೆ ಇಳಿದೆ. ಸರಿ, ಇನ್ನಷ್ಟು ಇಳಿಸುತ್ತೇನೆ, ಆದರೆ ಟೆಸ್ಟಿಂಗ್ ವಾರಂಟಿ, ಅಂದರೆ ಪರೀಕ್ಷಿಸಿ ನೋಡಿ ಕೆಟ್ಟಿದ್ದರೆ ಹಿಂತಿರುಗಿಸುವ ಅವಕಾಶ, ಇಲ್ಲ ಎಂದರು. ಒಪ್ಪಿಕೊಂಡೆ. ನನ್ನನ್ನು ಮುಳುಗಿಸಿದ್ದು ಆ ಒಪ್ಪಂದ.

ಮನೆಯಲ್ಲಿ ಕಂಪ್ಯೂಟರ್ ಚೆನ್ನಾಗಿಯೇ ಓಡಿತು. ಬ್ರೌಸರ್ ಆಗೀಗ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಬ್ರೌಸರನ್ನು ಬೈದು ಸುಮ್ಮನಾದೆ. ಅಪ್ಪ ಊರೂರು ತಿರುಗಿ ಧ್ವನಿಮುದ್ರಿಸಿದ್ದ ತಾಳಮದ್ದಳೆಗಳು ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಮೂಲ ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಎಂದೋ ಕಸಕ್ಕೆ ಹೋಗಿದ್ದವು. ಅವನ್ನೆಲ್ಲ ಹೊಸ ಡಿಸ್ಕಿಗೆ ನಕಲಿಸಿ, ಹಳೆಯದನ್ನು ಅಳಿಸಿ ಮಾರಿದೆ. ನಕಲಿಸುವಾಗ ಒಂದೇ ಒಂದು ದೋಷದ ಸಂದೇಶ ಬರಲಿಲ್ಲ. ಎಷ್ಟೋ ದಿನಗಳ ಮೇಲೆ ಚಿಕ್ಕಪ್ಪ ಬಂದಿದ್ದಾಗ ಒಂದು ಕಡತವನ್ನು ಹಾಕಿದರೆ, ಕರ್ಣನ ಅರ್ಥಗಾರಿಕೆ ರಂಗೇರುವ ಹೊತ್ತಿಗೆ ಪ್ಲೇಯರ್ ನಿಂತುಹೋಯಿತು. ಇನ್ನೊಂದರಲ್ಲಿ ಭಾಗವತರ ಪದದ ನಡುವೆ ಚಟ್ ಚಟ್ ಸದ್ದು.

ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಷ್ಟನ್ನು ಅಂದು ಯಾರಾದರೂ ಹೇಳಿದ್ದರೆ ಆ ವಾರಂಟಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಪರದೆಯಲ್ಲಿ 8 ಜಿಬಿ ಕಂಡರೆ ಪರೀಕ್ಷೆ ಮುಗಿಯಿತು ಎಂದಲ್ಲ. ರ‍್ಯಾಮ್ ಪಟ್ಟಿಯ, ಅಂದರೆ ಸ್ಟಿಕ್ಕಿನ, ಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದೆ; ತನ್ನ ಗಾತ್ರವೆಷ್ಟು, ವೇಗವೆಷ್ಟು ಎಂದು ಬಯೋಸ್‌ಗೆ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶಕ್ಕೆ) ಹೇಳುವುದು ಅದು. ಬಯೋಸ್ ಅದನ್ನು ನಂಬಿ, ಸಂಪರ್ಕ ಕೂಡಿಬರುತ್ತಿದೆಯೇ ಎಂದಷ್ಟೇ ನೋಡಿಕೊಂಡು ಮುಂದೆ ಹೋಗುತ್ತದೆ. 8 ಜಿಬಿ ಎಂದರೆ 6,800 ಕೋಟಿಗೂ ಹೆಚ್ಚು ಬಿಟ್‌ಗಳು. ಆನ್ ಆಗುವ ಆ ಕೆಲವು ಸೆಕೆಂಡುಗಳಲ್ಲಿ ಅವನ್ನೆಲ್ಲ ಬರೆದು, ಓದಿ, ತಾಳೆ ನೋಡುವುದಿಲ್ಲ. ಬಾಗಿಲಿನ ನಾಮಫಲಕ ಓದಿ ಮನೆಯ ನಲ್ಲಿಯಲ್ಲಿ ನೀರು ಬರುತ್ತದೆ ಎಂದು ಬಾಡಿಗೆಗೆ ಒಪ್ಪಿಕೊಂಡಂತಾಯಿತು ನನ್ನ ಕಥೆ.

ಇನ್ನು ನಕಲಿನ ವಿಷಯ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗುವ ಕಡತ ರ‍್ಯಾಮಿನ ಮೂಲಕವೇ ಹಾದುಹೋಗುತ್ತದೆ. ದೊಡ್ಡ ನಕಲಾದರೆ ಖಾಲಿ ಬಿದ್ದಿರುವ ಮೆಮೊರಿಯೆಲ್ಲ ಅದರ ತಂಗುದಾಣವಾಗುತ್ತದೆ, ಹಾಳಾದ ಜಾಗಕ್ಕೂ ಮತ್ತೆ ಮತ್ತೆ ಸರದಿ ಬರುತ್ತದೆ. ಅಲ್ಲಿ ಒಂದು ಬಿಟ್ ಮಗುಚಿದರೆ ಹೊಸ ಡಿಸ್ಕು ಆ ತಪ್ಪನ್ನೇ ನಿಷ್ಠೆಯಿಂದ ಬರೆದಿಟ್ಟುಕೊಳ್ಳುತ್ತದೆ. ಮನೆಯ ಕಂಪ್ಯೂಟರಿನ ಸಾಮಾನ್ಯ ಡಿಡಿಆರ್4 ಸ್ಟಿಕ್ಕಿಗೆ ಇದನ್ನು ಹಿಡಿಯುವ ಇಸಿಸಿ ವ್ಯವಸ್ಥೆ ಇಲ್ಲ. ಹಾಗಾಗಿ ಕೆಟ್ಟ ರ‍್ಯಾಮ್ ಎಂದರೆ ನೀಲಿ ಪರದೆ ಬಂದು ನಿಲ್ಲುವ ಕಂಪ್ಯೂಟರ್ ಎಂದುಕೊಳ್ಳಬೇಡಿ. ನಿಂತರೆ ಅದು ಪುಣ್ಯ. ನಿಲ್ಲದೆ ಓಡುತ್ತಲೇ ಕಡತಗಳನ್ನು ಕೆಡಿಸುವ ಸ್ಟಿಕ್ಕೇ ಅಪಾಯಕಾರಿ.

ಆಮೇಲೆ ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ತಂತ್ರಾಂಶ ಓಡಿಸಿದೆ. ಪ್ರತಿ ಸುತ್ತಿನಲ್ಲೂ ಮೆಮೊರಿಯ ಅದೇ ಕೆಲವು ವಿಳಾಸಗಳಲ್ಲಿ (ಜಾಗಗಳಲ್ಲಿ) ತಪ್ಪು, ಉಳಿದೆಲ್ಲ ಸರಿ. ಸ್ಲಾಟ್ ಬದಲಾಯಿಸಿದರೂ ತಪ್ಪು ಸ್ಟಿಕ್ಕಿನ ಬೆನ್ನಿಗೇ ಬಂತು. ಇದರ ಅರ್ಥವೇನು ಗೊತ್ತೇ? ಗೀರು ನಿರಪರಾಧಿ! ಗೀರಿನಿಂದ ಡೇಟಾ ಎಳೆ ತುಂಡಾಗಿದ್ದರೆ ಕಂಪ್ಯೂಟರ್ ಆನ್ ಆಗುವುದೇ ಕಷ್ಟವಿತ್ತು. ಆನ್ ಆಗಿದ್ದರೂ ತಪ್ಪು ಎಲ್ಲೆಡೆ ಹರಡುತ್ತಿತ್ತೇ ಹೊರತು ನಾಲ್ಕಾರು ವಿಳಾಸಗಳಿಗೆ ಸೀಮಿತವಾಗುತ್ತಿರಲಿಲ್ಲ. ಕೆಟ್ಟಿದ್ದು ಹೊರಗೆ ಮಿರಮಿರ ಮಿಂಚುತ್ತಿದ್ದ ಒಂದು ಚಿಪ್ಪಿನ ಒಳಗಿನ ಕೋಶಗಳು. ಆದ್ದರಿಂದ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿದೆ ಎನ್ನುತ್ತೇನೆ. ಗೀರಿಲ್ಲದ ಸ್ಟಿಕ್ಕನ್ನು ಕೊಂಡರೂ ಪರೀಕ್ಷೆ ಅಷ್ಟೇ ಬೇಕು.

ಕಣ್ಣಿಗೆ ಕಾಣುವುದರಲ್ಲಿ ನಾನು ನಿಜಕ್ಕೂ ಹೆದರುವುದು ಕೆಲವಕ್ಕೆ ಮಾತ್ರ. ಬಂಗಾರದ ಬಣ್ಣದ ಕಾಲುಗಳ ಮೇಲ್ಗಡೆ ಸಾಸಿವೆಗಿಂತ ಸಣ್ಣ ರೆಸಿಸ್ಟರ್‌ಗಳ ಸಾಲಿರುತ್ತದೆ, ಚಿಪ್‌ಗಳ ಸುತ್ತ ಕೆಪಾಸಿಟರ್‌ಗಳಿರುತ್ತವೆ. ಅವುಗಳಲ್ಲಿ ಒಂದು ಉದುರಿದ್ದರೂ, ಕಾಲುಗಳು ಸುಟ್ಟಿದ್ದರೂ, ಬೋರ್ಡಿನ ಬಿರುಕು ತಾಮ್ರದ ಎಳೆಗಳವರೆಗೆ ಹೋಗಿದ್ದರೂ ಬೇಡ. ಕಾಲುಗಳ ಮೇಲಿನ ಉದ್ದುದ್ದ ಗೆರೆಗಳು ಸ್ಲಾಟಿಗೆ ಹಾಕಿ ತೆಗೆದ ಗುರುತು, ಅಷ್ಟೆ. ಮೇಲಿನ ಲೋಹದ ಹೊದಿಕೆ ತರಚಿದ್ದರೆ ಚಿಂತೆಯೇ ಇಲ್ಲ. ಹರಿದ ಸ್ಟಿಕರ್ ಮಾತ್ರ ನನಗೆ ಗೀರಿಗಿಂತ ದೊಡ್ಡ ಊನ: ತಯಾರಕರ ವಾರಂಟಿ ಉಳಿದಿದ್ದರೂ ಕ್ರಮಸಂಖ್ಯೆ ಇಲ್ಲದೆ ಕೇಳುವುದು ಹೇಗೆ? ಕಾಲುಗಳನ್ನು ರಬ್ಬರಿನಿಂದ ಉಜ್ಜುವ ಅಭ್ಯಾಸವೂ ನನಗೆ ಹಿಡಿಸುವುದಿಲ್ಲ, ಚಿನ್ನದ ಲೇಪ ತೀರ ತೆಳು. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆಯ ಬಟ್ಟೆ ಸಾಕು.

ಪರೀಕ್ಷೆಗೆ ಉಳಿದ ಸ್ಟಿಕ್‌ಗಳನ್ನೆಲ್ಲ ತೆಗೆದು ಇದೊಂದನ್ನೇ ಹಾಕಿ. ಪೆನ್ ಡ್ರೈವಿನಿಂದ ಮೆಮ್‌ಟೆಸ್ಟ್86+ ಶುರು ಮಾಡಿ, ಕ್ಯಾಬಿನೆಟ್ಟಿನ ಮುಚ್ಚಳ ಹಾಕಿ, ರಾತ್ರಿಯಿಡೀ ಬಿಡಿ. ಮುಚ್ಚಳ ಏಕೆಂದರೆ, ತಣ್ಣಗಿರುವಾಗ ಸುಮ್ಮನಿರುವ ದೋಷ ಬಿಸಿಯೇರಿದ ಮೇಲೆ ತಲೆ ಎತ್ತುವುದುಂಟು. ವಿಂಡೋಸ್ ಜೊತೆಗೆ ಬರುವ ಮೆಮೊರಿ ಪರೀಕ್ಷೆಯಲ್ಲಿ ಪಾಸಾಯಿತೆಂದು ನಾನು ನಂಬುವುದಿಲ್ಲ. ತಪ್ಪು ಬಂದರೆ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಬಯೋಸ್ ಆಯ್ಕೆ) ಆಫ್ ಮಾಡಿ, ಸ್ಲಾಟ್ ಬದಲಿಸಿ ಇನ್ನೊಮ್ಮೆ ನೋಡಿ. ಆಮೇಲೂ ಒಂದೇ ಒಂದು ತಪ್ಪು ಉಳಿದರೂ ಹಿಂತಿರುಗಿಸಿ. ಲಿನಕ್ಸ್‌ನಲ್ಲಿ ಕೆಟ್ಟ ವಿಳಾಸಗಳನ್ನು ಬಿಟ್ಟು ನಡೆಸಬಹುದು ಎಂದು ಯಾರಾದರೂ ಹೇಳಿಯಾರು. ಆಟಕ್ಕೆ ಇಟ್ಟ ಯಂತ್ರವಾದರೆ ಹಾಗೇ ಮಾಡಿ. ಸ್ಟಿಕ್ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಬೇಕಾದ ಕಡತಗಳಿರುವ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಲೇಬೇಡಿ.

ಹಾಗಾಗಿ ಅಂಗಡಿಯಲ್ಲಿ ಬೆಲೆಗಾಗಿ ಜಗ್ಗಬೇಡಿ, ಟೆಸ್ಟಿಂಗ್ ವಾರಂಟಿಗಾಗಿ ಜಗ್ಗಿ. ಒಂದು ವಾರ ಕೊಟ್ಟರೆ ಹೇಳಿದ ಬೆಲೆಗೇ ಕೊಳ್ಳಿ, ಗೀರಿರಲಿ ಬಿಡಲಿ. ಒಂದು ರಾತ್ರಿಯನ್ನೂ ಕೊಡದಿದ್ದರೆ ಪುಕ್ಕಟೆಯಾದರೂ ನನಗೆ ಬೇಡ. ಹಣ ಕೊಡುವ ಮುನ್ನ ಒಂದು ಬದಿಯ ದೊಡ್ಡ ಕಪ್ಪು ಚಿಪ್‌ಗಳನ್ನೂ ಎಣಿಸಿಕೊಳ್ಳಿ: ಎಂಟರ ಬದಲು ಒಂಬತ್ತಿದ್ದು, ನಡುವೆ ಇನ್ನೊಂದು ಬೇರೆ ಆಕಾರದ ಚಿಪ್ ಇದ್ದರೆ ಅದು ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ರ‍್ಯಾಮ್, ಎಷ್ಟೇ ಅಗ್ಗವಾಗಿದ್ದರೂ ಮನೆಯ ಸಾಮಾನ್ಯ ಮದರ್‌ಬೋರ್ಡಿನಲ್ಲಿ ಓಡುವುದಿಲ್ಲ.