ಹಳೆಯ ಲ್ಯಾಪ್‌ಟಾಪ್‌ಗೆ ಎರಡು ಮಾನಿಟರ್: ಮೊದಲು ಪ್ರೊಸೆಸರ್ ನಂಬರ್ ನೋಡಿ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಎಚ್‌ಡಿಎಂಐ, ಒಂದು ವಿಜಿಎ ಪೋರ್ಟ್ ಇದೆ. ಎಚ್‌ಡಿಎಂಐಗೆ ಸ್ಪ್ಲಿಟರ್ ಹಾಕಿ ಎರಡು ಮಾನಿಟರ್ ಜೋಡಿಸಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತಿದೆ, ಬೇರೆ ಬೇರೆ ಬರಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಆ ಸ್ಪ್ಲಿಟರ್ ತೆಗೆದಿಡಿ. ಅದೇನೂ ಕೆಟ್ಟಿಲ್ಲ, ಅದರ ಕೆಲಸವೇ ಅಷ್ಟು. ಒಂದೇ ಪತ್ರದ ಎರಡು ಜೆರಾಕ್ಸ್ ತೆಗೆದ ಹಾಗೆ. ದುಬಾರಿಯದನ್ನು ತಂದರೂ ಇದೇ ಕಥೆ.

ಒಂದು ಮಾನಿಟರನ್ನು ಎಚ್‌ಡಿಎಂಐಗೆ, ಇನ್ನೊಂದನ್ನು ವಿಜಿಎಗೆ ನೇರವಾಗಿ ಹಾಕಿ. ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಿ. ಇಷ್ಟಕ್ಕೇ ಮೂರೂ ಸ್ಕ್ರೀನ್ ಬಂದುಬಿಟ್ಟರೆ ನಿಮ್ಮ ಪುಣ್ಯ, ಮುಂದಿನದನ್ನು ಓದುವುದೇ ಬೇಡ. ಆದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಎರಡು ಬಂದು ಮೂರನೆಯದು ಕಪ್ಪಗೆ ಕೂತಿರುತ್ತದೆ. ಆಗ ಸುಮ್ನೆ ಕೇಬಲ್ ಬದಲಿಸುತ್ತಾ, ಡ್ರೈವರ್ ಮತ್ತೆ ಮತ್ತೆ ಹಾಕುತ್ತಾ ಕೂರಬೇಡಿ. ತೊಂದರೆ ಇರುವುದು ಬೇರೆ ಕಡೆ.

ಹೊರಗೆ ಎಷ್ಟು ಪೋರ್ಟ್ ಇದೆ ಅನ್ನುವುದಕ್ಕಿಂತ ಒಳಗಿನ ಗ್ರಾಫಿಕ್ಸ್ ಒಟ್ಟಿಗೆ ಎಷ್ಟು ಸ್ಕ್ರೀನ್ ಓಡಿಸುತ್ತದೆ ಅನ್ನುವುದು ಮುಖ್ಯ. ಲ್ಯಾಪ್‌ಟಾಪ್‌ನ ಸ್ವಂತ ಸ್ಕ್ರೀನೂ ಈ ಲೆಕ್ಕಕ್ಕೆ ಸೇರುತ್ತದೆ. ಈ ಗ್ರಾಫಿಕ್ಸ್ ಸಾಮಾನ್ಯವಾಗಿ ಪ್ರೊಸೆಸರ್ ಒಳಗೇ ಇರುತ್ತದೆ, ಹಾಗಾಗಿ ಪ್ರೊಸೆಸರ್ ಯಾವುದೆಂದು ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಉದಾಹರಣೆಗೆ ಇಂಟೆಲ್ ಕೋರ್ ಐ5-2450ಎಂ. ಆ ನಾಲ್ಕು ಅಂಕಿಯಲ್ಲಿ ಮೊದಲನೆಯದನ್ನು ನೋಡಿ. 2 ಇದ್ದರೆ ಅದು 2011ರಲ್ಲಿ ಬಂದ ಎರಡನೇ ತಲೆಮಾರು, ಅದರ ಗ್ರಾಫಿಕ್ಸ್‌ಗೆ ಎರಡೇ ಸ್ಕ್ರೀನ್. 4 ಇದ್ದರೆ 2013ರದ್ದು, ಅಲ್ಲಿಂದ ಮುಂದೆ ಮೂರು ಸಾಮಾನ್ಯವಾಗಿ ನಡೆಯುತ್ತದೆ.

ತಲೆಕೆಡಿಸುವುದು ನಡುವಿನ 3, ಅಂದರೆ 2012ರದ್ದು. ಅದು ಮೂರು ಸ್ಕ್ರೀನ್ ಓಡಿಸುತ್ತದೆ ಎಂದು ಇಂಟೆಲ್ ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಕೊಕ್ಕೆ ಇದೆ. ಚಿತ್ರ ಕಳಿಸಲು ಬೇಕಾದ ಕ್ಲಾಕ್, ಅಂದರೆ ತಾಳ ಹಾಕುವ ಸರ್ಕ್ಯೂಟ್, ಅದರಲ್ಲಿ ಎರಡೇ ಇರುವುದು. ಎಚ್‌ಡಿಎಂಐಗೆ ಒಂದು ಬೇಕು, ವಿಜಿಎಗೆ ಇನ್ನೊಂದು ಬೇಕು. ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ವಿಡಿಯೋ ಪೋರ್ಟ್‌ಗಳು ಮಾತ್ರ ಒಂದೇ ಕ್ಲಾಕನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಎಚ್‌ಡಿಎಂಐ, ವಿಜಿಎ, ಸ್ವಂತ ಸ್ಕ್ರೀನ್ ಮೂರನ್ನೂ ಒಟ್ಟಿಗೆ ಕೇಳಿದರೆ ಅದು ಸಾಮಾನ್ಯವಾಗಿ ಕೈ ಎತ್ತಿಬಿಡುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅಥವಾ ಪ್ರೊಸೆಸರ್ ಇಂಟೆಲ್ ಬದಲು ಎಎಂಡಿ ಕಂಪನಿಯದಾಗಿದ್ದರೆ ಈ ಲೆಕ್ಕ ಹೊಂದುವುದಿಲ್ಲ.

ಎರಡೇ ಸ್ಕ್ರೀನ್ ಎಂದಾದರೆ ನನ್ನ ಸಲಹೆ ಸರಳ: ಲ್ಯಾಪ್‌ಟಾಪ್ ಸ್ಕ್ರೀನನ್ನೇ ಬಿಟ್ಟುಬಿಡಿ. ನಾನು ಹೀಗೇ ಕೆಲಸ ಮಾಡುತ್ತೇನೆ. ಎದುರಿಗೆ ಎರಡು ದೊಡ್ಡ ಮಾನಿಟರ್ ಇರುವಾಗ ಆ ಚಿಕ್ಕ ಸ್ಕ್ರೀನ್ ಯಾರಿಗೆ ಬೇಕು, ಅಲ್ವಾ? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದರ ಮೇಲೆ ಕ್ಲಿಕ್ ಮಾಡಿ ‘ಡಿಸ್‌ಕನೆಕ್ಟ್ ದಿಸ್ ಡಿಸ್‌ಪ್ಲೇ’ ಕೊಡಿ. ಆಮೇಲೆ ಕಪ್ಪಗಿರುವ ಮಾನಿಟರನ್ನು ಆರಿಸಿ ‘ಎಕ್ಸ್‌ಟೆಂಡ್’ ಮಾಡಿ. ಮುಚ್ಚಳ ಮುಚ್ಚಿಡುವುದಾದರೆ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಹಾಕಿದಾಗ ‘ಡು ನಥಿಂಗ್’ ಎಂದು ಇಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ. ಕೀಬೋರ್ಡ್, ಮೌಸ್ ಹೊರಗಿನವು ಬೇಕಾಗುತ್ತವೆ. ಬಿಸಿಗಾಳಿ ಹೊರಬರುವ ಜಾಗ ಕೀಲಿನ ಹತ್ತಿರ ಇದ್ದರೆ ಮುಚ್ಚಳ ಸ್ವಲ್ಪ ತೆರೆದೇ ಇರಲಿ.

ಇಲ್ಲ, ಮೂರೂ ಬೇಕೇ ಬೇಕು ಅಂದರೆ ಯುಎಸ್‌ಬಿ ಅಡಾಪ್ಟರ್ ದಾರಿ. ಇಲ್ಲಿ ಹುಷಾರು. ಕೆಲವು ಅಗ್ಗದ ಅಡಾಪ್ಟರ್‌ಗಳು ಯುಎಸ್‌ಬಿ-ಸಿ ಪೋರ್ಟ್‌ನಿಂದ ಬರುವ ವಿಡಿಯೋವನ್ನು ಹಾಗೇ ದಾಟಿಸುತ್ತವೆ ಅಷ್ಟೆ, ಹಳೆಯ ಚಪ್ಪಟೆ ಯುಎಸ್‌ಬಿ ಪೋರ್ಟ್‌ನಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ. ನಿಮಗೆ ಬೇಕಾದದ್ದು ಡಿಸ್‌ಪ್ಲೇಲಿಂಕ್‌ನಂಥ ಚಿಪ್ ಇರುವುದು. ಅದರ ಡ್ರೈವರ್ ಹಾಕಬೇಕು. ಲ್ಯಾಪ್‌ಟಾಪ್‌ನ ಪ್ರೊಸೆಸರ್ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿಯಲ್ಲಿ ಕಳಿಸುತ್ತದೆ, ಆ ಚಿಪ್ ಅದನ್ನು ಮತ್ತೆ ಬಿಡಿಸುತ್ತದೆ. 1080ಪಿ ಚಿತ್ರ ಸೆಕೆಂಡಿಗೆ 60 ಸಲ, ಕುಗ್ಗಿಸದೆ ಕಳಿಸಿದರೆ ಸುಮಾರು 3 ಗಿಗಾಬಿಟ್ ಆಗುತ್ತದೆ. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದ್ದು 5 ಗಿಗಾಬಿಟ್. ಅದಕ್ಕೇ 3.0 ಪೋರ್ಟ್‌ಗೆ ಹಾಕಿ, ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ. ಮೇಲ್, ಬರವಣಿಗೆ, ಲೆಕ್ಕದ ಹಾಳೆಗೆ ಇದು ಚೆನ್ನಾಗಿ ನಡೆಯುತ್ತದೆ. ಗೇಮ್‌ಗೆ ಬೇಡ. ವಿಡಿಯೋ ನೋಡುವಾಗ ಹಳೆಯ ಪ್ರೊಸೆಸರ್ ಏದುಸಿರು ಬಿಡಬಹುದು.

ವಿಜಿಎ ಬಗ್ಗೆ ಇನ್ನೊಂದು ಮಾತು. ಎರಡನೇ ಮಾನಿಟರ್‌ನಲ್ಲಿ ವಿಜಿಎ ಇಲ್ಲದಿದ್ದರೆ ‘ವಿಜಿಎ ಟು ಎಚ್‌ಡಿಎಂಐ’ ಕನ್ವರ್ಟರ್ ಬೇಕು. ‘ಎಚ್‌ಡಿಎಂಐ ಟು ವಿಜಿಎ’ ಅಂತ ಇರುವುದನ್ನು ತಿರುಗಿಸಿ ಹಾಕಿದರೆ ಆಗಲ್ಲ. ವಿಜಿಎಯಲ್ಲಿ ಅಕ್ಷರದ ಪಕ್ಕ ನೆರಳು ಬಿದ್ದಂತೆ ಕಂಡರೆ ಮಾನಿಟರ್‌ನ ‘ಆಟೋ’ ಬಟನ್ ಒತ್ತಿ, ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ಹೆಚ್ಚು ಓದುವ ಕೆಲಸವನ್ನು ಎಚ್‌ಡಿಎಂಐ ಮಾನಿಟರ್‌ನಲ್ಲೇ ಇಟ್ಟುಕೊಳ್ಳಿ.

ಮಾನಿಟರ್ ಇನ್ನೂ ತಂದಿಲ್ಲದಿದ್ದರೆ 4ಕೆ ಬೇಡ, 1080ಪಿ ಸಾಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿರುವ ಎಚ್‌ಡಿಎಂಐ 1.4ರಲ್ಲಿ 4ಕೆ ಸೆಕೆಂಡಿಗೆ 30 ಸಲವಷ್ಟೇ ಬರುತ್ತದೆ, ಮೌಸ್ ಎಳೆದರೆ ಬಾಣ ತಡವರಿಸುತ್ತದೆ. 2 ಅಥವಾ 3ನೇ ತಲೆಮಾರಿನಲ್ಲಿ ಅದೂ ಇಲ್ಲ.