ಮಗುವಿನ ಗೊರಕೆಗೆ ಕಾರಣ ಹುಡುಕಿ

ಓದುಗರ ಪತ್ರ: ನಾಲ್ಕು ವರ್ಷದ ಮಗ ರಾತ್ರಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾನೆ. ನಡುನಡುವೆ ಉಸಿರು ನಿಂತು, ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುತ್ತಾನೆ. ಒಬ್ಬ ಡಾಕ್ಟರು ಉಬ್ಬಸ ಅಂದರು, ಇನ್ನೊಬ್ಬರು ನೆಗಡಿ ಅಂದರು. ಅತ್ತೆ, ‘ಚೆನ್ನಾಗಿ ನಿದ್ದೆ ಬಂದಿದೆ ಬಿಡು’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಸಂಪಾದಕರ ಉತ್ತರ: ತಾಯಿ, ನಿಮ್ಮ ಆತಂಕ ಸರಿಯಾಗಿಯೇ ಇದೆ. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದರೆ ಚಿಂತೆಯಿಲ್ಲ. ನೆಗಡಿ ಇಲ್ಲದೆಯೂ ವಾರದಲ್ಲಿ ಮೂರ್ನಾಲ್ಕು ರಾತ್ರಿ ಬಂದರೆ, ಅದರಲ್ಲೂ ಉಸಿರು ನಿಂತರೆ, ಸುಮ್ನೆ ಬಿಡಬಾರದು.

ಹಗಲಲ್ಲಿ ಮಗು ಆರಾಮಾಗಿರುವುದೇ ಇಲ್ಲಿನ ತೊಡಕು. ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ಮೂಗಿನ ಹಿಂದಿರುವ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ದಪ್ಪಗಿದ್ದರೆ ಆಗ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವ ಕಾರಣ ಇದೇ. ಡಾಕ್ಟರು ಹಗಲಲ್ಲಿ ನೋಡುತ್ತಾರೆ, ರಾತ್ರಿ ನೋಡುವವರು ನೀವು ಮಾತ್ರ, ಅಲ್ವಾ?

ಹಾಗಾಗಿ ಮೊಬೈಲಿನಲ್ಲಿ ವಿಡಿಯೊ ಮಾಡಿ. ಅಂಗಿ ಬಿಚ್ಚಿ, ಎದೆ ಹೊಟ್ಟೆ ಕಾಣಬೇಕು, ಶಬ್ದವೂ ಕೇಳಬೇಕು. ಎದೆ ಏರಿಳಿಯುತ್ತಿದ್ದರೂ ಶಬ್ದ ನಿಂತು, ಆಮೇಲೆ ಗಬಕ್ಕನೆ ಉಸಿರೆಳೆದರೆ, ಮೂಗು-ಗಂಟಲಿನಲ್ಲಿ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಉಬ್ಬಸ ಬೇರೆ ಥರ. ಅದರಲ್ಲಿ ಉಸಿರು ಬಿಡುವಾಗ ಸುಂಯ್ ಅನ್ನುತ್ತದೆ, ಬೆಳಗಿನ ಜಾವ ಕೆಮ್ಮು ಬರುತ್ತದೆ. ಧೂಳಿನ ಅಲರ್ಜಿ ಇರುವ ಮಗುವಿಗೆ ಎರಡೂ ಒಟ್ಟಿಗೇ ಇರಬಹುದು. ಆದ್ದರಿಂದ ಉಬ್ಬಸ ಅಂದ ಡಾಕ್ಟರು ಇನ್ಹೇಲರ್ ಕೊಟ್ಟಿದ್ದರೆ, ಅವರು ತಪ್ಪು ಹೇಳಿದರು ಅಂತ ಅದನ್ನು ನಿಲ್ಲಿಸಬೇಡಿ. ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಮೈಯೆಲ್ಲ ಬೆವರುವುದು, ಹಗಲಲ್ಲಿ ವಿಪರೀತ ಹಟ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದು ಮತ್ತೆ ಶುರುವಾಗಿರುವುದು, ಇವನ್ನೂ ಬರೆದಿಟ್ಟುಕೊಳ್ಳಿ.

ತುಟಿ ನೀಲಿಯಾದರೆ, ಉಸಿರಿಗೆ ಪಕ್ಕೆಲುಬು ಒಳಗೆ ಸೆಳೆದುಕೊಂಡರೆ ವಿಡಿಯೊ ಬಿಡಿ, ತಕ್ಷಣ ಆಸ್ಪತ್ರೆಗೆ ಓಡಿ.

ವಿಡಿಯೊ ಹಿಡಿದುಕೊಂಡು ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಅವರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಟ್ಟು ಅಥವಾ ಎಕ್ಸ್‌ರೇ ತೆಗೆಸಿ ಅಡಿನಾಯ್ಡ್ ನೋಡುತ್ತಾರೆ. ಅನುಮಾನ ಉಳಿದರೆ ಸ್ಲೀಪ್ ಸ್ಟಡಿ, ಅಂದರೆ ರಾತ್ರಿ ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ. ದೊಡ್ಡವರಲ್ಲಿ ಗಂಟೆಗೆ 5 ಸಲ ಉಸಿರು ಅಡ್ಡಿಯಾದರೆ ಕಾಯಿಲೆ ಎನ್ನುತ್ತಾರೆ, ಮಕ್ಕಳಲ್ಲಿ ಒಂದು ಸಲವೇ ಸಾಕು.

ಅಡಿನಾಯ್ಡ್, ಟಾನ್ಸಿಲ್ ತೆಗೆಯುವ ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಏಳು ತಿಂಗಳ ನಂತರ, ಆಪರೇಷನ್ ಆದವರಲ್ಲಿ ಶೇ. 79ರಷ್ಟು ಮಕ್ಕಳ ಸ್ಲೀಪ್ ಸ್ಟಡಿ ಸರಿಯಾಗಿತ್ತು. ಕಾದು ನೋಡಿದವರಲ್ಲೂ ಶೇ. 46ರಷ್ಟು ಮಕ್ಕಳದ್ದು ಸರಿಯಾಗಿತ್ತು. ತೊಂದರೆ ಸ್ವಲ್ಪವೇ ಇದ್ದರೆ ಮೂಗಿನ ಸ್ಪ್ರೇ ಕೊಟ್ಟು ಕೆಲವು ವಾರ ಕಾಯುವುದೂ ಉಂಟು. ಅಲ್ಲಿಯವರೆಗೆ ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸಾಂಬ್ರಾಣಿ, ಬೀಡಿ ಹೊಗೆ ಬೇಡ.

ಆಪರೇಷನ್ ಅಂತ ಗೊತ್ತಾದರೆ, ಉಸಿರು ನಿಲ್ಲುವ ವಿಷಯವನ್ನು ಅರಿವಳಿಕೆ ಡಾಕ್ಟರಿಗೂ ಬಿಡಿಸಿ ಹೇಳಿ. ಅಂಥ ಮಕ್ಕಳನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕಾಗಬಹುದು.